ನಿಮಗಿದು ಗೊತ್ತೇ? ಒಂದೇ ಒಂದು ವೋಟಿನ ಸೀಮೆ!

ಹರವೆಯ ಜನ ತಾಲ್ಲೂಕು ಆಫೀಸಿನ ಕೆಲಸಕ್ಕೆ ಹೋಗುವುದು ಚಾಮರಾಜನಗರಕ್ಕೆ. ಆದರೆ ಅವರು ವೋಟು ಹಾಕಿ ಗೆಲ್ಲಿಸುವುದು ಗುಂಡ್ಲುಪೇಟೆಯ ಶಾಸಕರನ್ನು! ಹೌದು, ಹರವೆ ಹೋಬಳಿ ಇರುವುದು ಚಾಮರಾಜನಗರ ತಾಲ್ಲೂಕಿನಲ್ಲಿ. ಸೇರಿರುವುದು ಗುಂಡ್ಲುಪೇಟೆ ವಿಧಾನಸಭಾ ಕ್ಷೇತ್ರಕ್ಕೆ. ಎಂಪಿ ಚುನಾವಣೆ ಬಂದಾಗ ಮಾತ್ರ ಗೊಂದಲವಿಲ್ಲ. ಎರಡೂ ಕಡೆಯವರಿಗೆ ಒಂದೇ ಕ್ಷೇತ್ರ, ಚಾಮರಾಜನಗರ.

ಚಾಮರಾಜನಗರ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಲೋಕಸಭಾ ಕ್ಷೇತ್ರ? ಅದು 1962ರಿಂದಲೇ ಇದೆ. ಜಿಲ್ಲೆಗಿಂತ ಕ್ಷೇತ್ರವೇ 35 ವರ್ಷ ದೊಡ್ಡದು!

ಹೆಸರು ಚಾಮರಾಜನಗರ. ಆದರೆ ಅರ್ಧ ಕ್ಷೇತ್ರ ಮೈಸೂರು ಜಿಲ್ಲೆಯಲ್ಲಿದೆ! ಇದರಲ್ಲಿ ಬರುವುದು ಎಂಟು ವಿಧಾನಸಭಾ ಕ್ಷೇತ್ರ. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಹನೂರು ಈ ಜಿಲ್ಲೆಯವು. ಹೆಗ್ಗಡದೇವನಕೋಟೆ, ನಂಜನಗೂಡು, ವರುಣ, ತಿ. ನರಸೀಪುರ ಆ ಜಿಲ್ಲೆಯವು. ಸಿದ್ದರಾಮಯ್ಯನವರು 2013ರಲ್ಲಿ, ಮತ್ತೆ 2023ರಲ್ಲಿ ಮುಖ್ಯಮಂತ್ರಿಯಾದಾಗ ಗೆದ್ದು ಬಂದದ್ದು ಇದೇ ವರುಣದಿಂದ.

1962ರಿಂದ 2024ರವರೆಗೆ ಇಲ್ಲಿ ನಡೆದದ್ದು 16 ಲೋಕಸಭಾ ಚುನಾವಣೆ. ಗೆದ್ದವರೆಷ್ಟು ಜನ, ಊಹಿಸಿ ನೋಡೋಣ. ಏಳೇ ಏಳು ಜನ!

ಮೊದಲ ಮೂರು ಚುನಾವಣೆ ಗೆದ್ದವರು ಎಸ್.ಎಂ. ಸಿದ್ದಯ್ಯ. ಅದಕ್ಕೂ ಮುಂಚೆ, 1957ರಲ್ಲೇ ಅವರು ಮೈಸೂರಿನಿಂದ ಎಂಪಿಯಾಗಿದ್ದರು. ಆಗ ಮೈಸೂರು ಕ್ಷೇತ್ರಕ್ಕೆ ಒಬ್ಬರಲ್ಲ, ಇಬ್ಬರು ಎಂಪಿಗಳು! ದ್ವಿಸದಸ್ಯ ಕ್ಷೇತ್ರ ಅನ್ನುತ್ತಿದ್ದರು. ಒಂದೇ ಕ್ಷೇತ್ರ, ಎರಡು ಸೀಟು.

1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು. ಇಂದಿರಾ ಗಾಂಧಿಯವರೇ ರಾಯ್‌ಬರೇಲಿಯಲ್ಲಿ ಸೋತರು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೆ! ಆ 26ರಲ್ಲಿ ಚಾಮರಾಜನಗರವೂ ಒಂದು. ಗೆದ್ದವರು ಬಿ. ರಾಚಯ್ಯ. ಮುಂದೆ ಕೇರಳದ ರಾಜ್ಯಪಾಲರಾದವರು ಇವರೇ.

ರಾಚಯ್ಯನವರ ಹೆಸರು ನೆನಪಿಟ್ಟುಕೊಳ್ಳಿ. ಈಗ ಬರುತ್ತಿದೆ ಈ ಸೀಮೆಯ ಅತಿ ದೊಡ್ಡ ಅಚ್ಚರಿ!

2004ರ ವಿಧಾನಸಭಾ ಚುನಾವಣೆ. ಸಂತೇಮರಹಳ್ಳಿ ಕ್ಷೇತ್ರ. ಜೆಡಿಎಸ್‌ನಿಂದ ರಾಚಯ್ಯನವರ ಮಗ ಎ.ಆರ್. ಕೃಷ್ಣಮೂರ್ತಿ. ಕಾಂಗ್ರೆಸ್ಸಿನಿಂದ ಆರ್. ಧ್ರುವನಾರಾಯಣ. ಎಣಿಕೆ ಮುಗಿಯಿತು. ಕೃಷ್ಣಮೂರ್ತಿಯವರಿಗೆ 40,751 ವೋಟು. ಧ್ರುವನಾರಾಯಣ ಅವರಿಗೆ 40,752. ಒಂದು! ಒಂದೇ ಒಂದು ವೋಟಿನ ಗೆಲುವು!

ಇನ್ನೂ ಇದೆ ಕೇಳಿ. ಕೃಷ್ಣಮೂರ್ತಿಯವರ ಕಾರಿನ ಡ್ರೈವರ್ ಆ ದಿನ ಓಡಾಟದಲ್ಲೇ ಇದ್ದು ವೋಟು ಹಾಕಲಿಲ್ಲವಂತೆ. ಈ ಕಡೆ ಚುನಾವಣೆ ಬಂದಾಗಲೆಲ್ಲ ಈ ಮಾತು ಬಂದೇ ಬರುತ್ತದೆ.

ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಒಂದು ವೋಟಿನಿಂದ ಸೋತ ಸುದ್ದಿ ದೇಶಕ್ಕೆಲ್ಲ ಗೊತ್ತು. ಅದು 2008ರ ಮಾತು. ನಮ್ಮ ಸಂತೇಮರಹಳ್ಳಿ ಅದಕ್ಕಿಂತ ನಾಲ್ಕು ವರ್ಷ ಮೊದಲೇ ಆ ದಾಖಲೆ ಬರೆದಿತ್ತು!

ಅದೇ ಜೋಡಿ 2009ರಲ್ಲಿ ಮತ್ತೆ ಎದುರುಬದುರು. ಈ ಸಲ ಲೋಕಸಭೆಗೆ. ಕೃಷ್ಣಮೂರ್ತಿ ಈಗ ಬಿಜೆಪಿ. ಮತ್ತೆ ಗೆದ್ದವರು ಧ್ರುವನಾರಾಯಣ, ಅಂತರ 4,002. 2014ರಲ್ಲಿ ಮೂರನೇ ಸಲ ಮುಖಾಮುಖಿ. ಗೆದ್ದವರು ಅವರೇ. ಅಂತರ ಮಾತ್ರ 1,41,182ಕ್ಕೆ ಏರಿತ್ತು!

ಕೃಷ್ಣಮೂರ್ತಿಯವರ ಕಥೆ ಅಲ್ಲಿಗೆ ಮುಗಿಯಲಿಲ್ಲ. 2023ರಲ್ಲಿ ಕಾಂಗ್ರೆಸ್ಸಿನಿಂದ ಕೊಳ್ಳೇಗಾಲದಲ್ಲಿ ನಿಂತರು. ಒಂದು ವೋಟಿನಿಂದ ಸೋತಿದ್ದವರು 59,519 ವೋಟಿನಿಂದ ಗೆದ್ದರು! ಆ ಸಂತೇಮರಹಳ್ಳಿ ಕ್ಷೇತ್ರ? ಕ್ಷೇತ್ರ ಮರುವಿಂಗಡಣೆಯಲ್ಲಿ ಅದು ನಕ್ಷೆಯಿಂದಲೇ ಮಾಯ.

2023ರಲ್ಲಿ ಕೃಷ್ಣಮೂರ್ತಿ ಸೋಲಿಸಿದ ಎನ್. ಮಹೇಶ್ ಅವರದೂ ಒಂದು ದಾಖಲೆ ಇದೆ. 2018ರಲ್ಲಿ ಅವರು ಕೊಳ್ಳೇಗಾಲದಿಂದ ಗೆದ್ದದ್ದು ಬಿಎಸ್‌ಪಿಯ ಆನೆ ಗುರುತಿನ ಮೇಲೆ. ಆ ಸಲ ಇಡೀ ಕರ್ನಾಟಕದಲ್ಲಿ ಗೆದ್ದ ಆನೆ ಅದೊಂದೇ! ಸಚಿವರೂ ಆದರು.

ಈಗ ಮತ್ತೆ ಚಾಮರಾಜನಗರ ಲೋಕಸಭಾ ಕ್ಷೇತ್ರ, ವಿ. ಶ್ರೀನಿವಾಸ ಪ್ರಸಾದ್. 1980, 1984, 1989, 1991. ಸತತ ನಾಲ್ಕು ಗೆಲುವು, ಎಲ್ಲವೂ ಕಾಂಗ್ರೆಸ್ಸಿನಿಂದ. 1999ರಲ್ಲಿ ಜೆಡಿಯು ಟಿಕೆಟ್ ಮೇಲೆ ಗೆದ್ದರು, ವಾಜಪೇಯಿ ಸರ್ಕಾರದಲ್ಲಿ ಸಚಿವರಾದರು. 2019ರಲ್ಲಿ ಬಿಜೆಪಿಯಿಂದ ಆರನೇ ಗೆಲುವು! ಮೂರು ಪಕ್ಷ, ಆರು ಗೆಲುವು, ಒಂದೇ ಕ್ಷೇತ್ರ. ಈ ಕ್ಷೇತ್ರದಲ್ಲಿ ಕಮಲ ಅರಳಿದ್ದೂ ಅದೇ ಮೊದಲು.

2019ರ ಆ ಗೆಲುವಿನ ಅಂತರ ಎಷ್ಟು ಗೊತ್ತೇ? ಪ್ರಸಾದ್ ಅವರಿಗೆ 5,68,537. ಧ್ರುವನಾರಾಯಣ ಅವರಿಗೆ 5,66,720. ಬರೀ 1,817! ಎಂಟು ಕ್ಷೇತ್ರಕ್ಕೆ ಹಂಚಿ ನೋಡಿ, ಒಂದೊಂದಕ್ಕೆ 230 ವೋಟೂ ಬರುವುದಿಲ್ಲ! ಹಿಂದೆ ಒಂದು ವೋಟಿನಿಂದ ಗೆದ್ದವರು ಈ ಸಲ ಕೂದಲೆಳೆಯಲ್ಲಿ ಸೋತರು.

2024ರ ಏಪ್ರಿಲ್ 26, ಈ ಕ್ಷೇತ್ರದಲ್ಲಿ ಲೋಕಸಭಾ ಮತದಾನದ ದಿನ. ಮಲೆ ಮಹದೇಶ್ವರ ಬೆಟ್ಟದ ಸಾಲಿನ ಇಂಡಿಗನತ್ತ. ರಸ್ತೆ, ಮೂಲಸೌಕರ್ಯ ಇಲ್ಲವೆಂದು ಊರವರು ಮತದಾನ ಬಹಿಷ್ಕರಿಸಿದ್ದರು. ಗಲಾಟೆಯಾಯಿತು, ಮತಯಂತ್ರವೇ ಪುಡಿಯಾಯಿತು! ಅದೊಂದೇ ಮತಗಟ್ಟೆಗೆ ಏಪ್ರಿಲ್ 29ರಂದು ಮರುಮತದಾನ. ಆರು ಸಲ ಗೆದ್ದಿದ್ದ ಶ್ರೀನಿವಾಸ ಪ್ರಸಾದ್ ತೀರಿಕೊಂಡದ್ದೂ ಅದೇ ದಿನ.

ಆ ಸಲ ಗೆದ್ದವರು ಕಾಂಗ್ರೆಸ್ಸಿನ ಸುನಿಲ್ ಬೋಸ್. ಅಂತರ 1,88,706. ಹಿಂದಿನ ಅಂತರದ ನೂರು ಪಟ್ಟಿಗೂ ಹೆಚ್ಚು!

ಮತ್ತೆ ಗುಂಡ್ಲುಪೇಟೆಗೆ ಬನ್ನಿ. ಎಚ್.ಎಸ್. ಮಹದೇವಪ್ರಸಾದ್ ಇಲ್ಲಿ ಸತತ ಐದು ಸಲ ಗೆದ್ದರು. ಮೊದಲು ಜನತಾದಳ, ಆಮೇಲೆ ಜೆಡಿಯು, ಆಮೇಲೆ ಜೆಡಿಎಸ್, ಕೊನೆಗೆ ಕಾಂಗ್ರೆಸ್. ಚಿಹ್ನೆ ಬದಲಾದರೂ ಗೆಲುವು ಬದಲಾಗಲಿಲ್ಲ! 2017ರಲ್ಲಿ ಅವರು ತೀರಿಕೊಂಡಾಗ ಉಪಚುನಾವಣೆಯಲ್ಲಿ ಪತ್ನಿ ಗೀತಾ ಗೆದ್ದರು. 2023ರಲ್ಲಿ ಮಗ ಗಣೇಶ್ ಪ್ರಸಾದ್.

ಮಹದೇವಪ್ರಸಾದ್ ಅವರಿಗೂ ಮುಂಚೆ ಗುಂಡ್ಲುಪೇಟೆ ಅಂದರೆ ಕೆ.ಎಸ್. ನಾಗರತ್ನಮ್ಮ. 1957ರಲ್ಲಿ, ಯಾವ ಪಕ್ಷದ ಹಂಗೂ ಇಲ್ಲದೆ, ಪಕ್ಷೇತರರಾಗಿ ನಿಂತು ಗೆದ್ದ ಹೆಣ್ಣುಮಗಳು! ಒಟ್ಟು ಏಳು ಸಲ ಶಾಸಕಿ. 1972ರಲ್ಲಿ ವಿಧಾನಸಭೆಯ ಸ್ಪೀಕರ್. ಕರ್ನಾಟಕದಲ್ಲಿ ಆ ಪೀಠ ಏರಿದ ಮೊದಲ ಮಹಿಳೆ ಅವರೇ. ಅವರಾದ ಮೇಲೆ? ಇನ್ನೂ ಯಾರೂ ಇಲ್ಲ!

ಇಂಥ ನಾಗರತ್ನಮ್ಮನವರನ್ನು ಏಳು ಸಲ ಗೆಲ್ಲಿಸಿದ ಸೀಮೆಯಿದು. ಆದರೆ ಚಾಮರಾಜನಗರ ಲೋಕಸಭಾ ಕ್ಷೇತ್ರದ ಆ ಏಳು ಸಂಸದರ ಪಟ್ಟಿ ತೆಗೆದು ಮೇಲಿಂದ ಕೆಳಗೆ ನೋಡಿ. 1962ರಿಂದ 2024ರವರೆಗೆ, ಅದರಲ್ಲಿ ಒಬ್ಬ ಮಹಿಳೆಯ ಹೆಸರೂ ಇಲ್ಲ!