ನಂಜೇರಿದವರಿಗೆ ಯಾವ ಬಾಟ್ಲಿ? ಗ್ಲೂಕೋಸೋ, ಸಲೈನೋ?

“ಒಂದ್ ಬಾಟ್ಲಿ ಗ್ಲೂಕೋಸ್ ಹಾಕ್ಸಿ ಸ್ವಾಮಿ, ಎದ್ದು ಕೂತ್ಕೋತಾರೆ!”

ಚಿಕ್ಕಬಳ್ಳಾಪುರದ ಬಸ್ ನಿಲ್ದಾಣವಿರಲಿ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿರಲಿ, ಚಿಂತಾಮಣಿ, ಗೌರಿಬಿದನೂರಿನ ಅಂಗಡಿ ಬೀದಿಯಿರಲಿ, ಜ್ವರದಲ್ಲಿ ಮಲಗಿದವರ ಮನೆಯವರಿಗೆ ಸಿಗುವ ಸಲಹೆ ಇದೇ.

ಬರೀ ಸುಸ್ತಿನ ಮಾತು ಬೇರೆ. ಆದರೆ ಕಾಲಿನ ಹುಣ್ಣು, ನ್ಯುಮೋನಿಯ, ಮೂತ್ರದ ಸೋಂಕಿನಿಂದ ಮೈಗೆಲ್ಲ ನಂಜೇರಿ ರಕ್ತದೊತ್ತಡ ಕುಸಿದಾಗ, ಯಾವ ಬಾಟ್ಲಿ ಎಂಬುದು ಜೀವದ ಪ್ರಶ್ನೆ. ವೈದ್ಯರು ಈ ಸ್ಥಿತಿಯನ್ನು ಸೆಪ್ಸಿಸ್ ಎನ್ನುತ್ತಾರೆ.

ಆಗ ರಕ್ತನಾಳಗಳು ಸಡಿಲಗೊಂಡು ಸೋರತೊಡಗುತ್ತವೆ. ಅವನ್ನು ತುಂಬಿ ರಕ್ತದ ಓಟ ಉಳಿಸಬೇಕು. ಗ್ಲೂಕೋಸಿನಿಂದ ಈ ಕೆಲಸ ಆಗದು. ಅದರ ಸಕ್ಕರೆ ಖರ್ಚಾದ ಮೇಲೆ ಉಳಿಯುವುದು ಬರೀ ನೀರು. ಮೈಯೆಲ್ಲ ಹಂಚಿಹೋಗಿ ರಕ್ತನಾಳದಲ್ಲಿ ನಿಲ್ಲುವುದು ಸುಮಾರು ಹನ್ನೆರಡರಲ್ಲೊಂದು ಪಾಲು. ಉಪ್ಪಿನ ದ್ರಾವಣವಾದರೆ ನಾಲ್ಕರಲ್ಲೊಂದು ಪಾಲು ನಿಂತೀತು.

ಅದರಲ್ಲೂ ಮುಖ್ಯವಾಗಿ ಎರಡು ಬಗೆ. ಲೀಟರಿಗೆ 9 ಗ್ರಾಂ ಉಪ್ಪಿರುವ ನಾರ್ಮಲ್ ಸಲೈನ್ ಒಂದು, ಆಸ್ಪತ್ರೆಯವರು ‘ಆರ್.ಎಲ್.’ ಎನ್ನುವ ರಿಂಗರ್ ಲ್ಯಾಕ್ಟೇಟ್ ಇನ್ನೊಂದು. ಸಲೈನಿನಲ್ಲಿ ಕ್ಲೋರೈಡ್ ಜಾಸ್ತಿ, ಆರ್.ಎಲ್. ರಕ್ತದ ಗುಣಕ್ಕೆ ಹತ್ತಿರ. ಅಮೆರಿಕದಲ್ಲಿ ತೀವ್ರ ನಿಗಾ ಘಟಕದ 15,802 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆ, ಆರ್.ಎಲ್. ಜಾತಿಯ ದ್ರಾವಣಕ್ಕೆ ತುಸು ಮೇಲುಗೈ ಕೊಟ್ಟಿತು. 2021ರ ಬ್ರೆಜಿಲ್, 2022ರ ಆಸ್ಟ್ರೇಲಿಯ–ನ್ಯೂಜಿಲೆಂಡ್ ಪರೀಕ್ಷೆಗಳಲ್ಲಿ ಸಾವಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಬೆಲೆ ಹೆಚ್ಚಿದ್ದರೆ ಗುಣವೂ ಹೆಚ್ಚು ಎಂಬ ಭ್ರಮೆಯೂ ಬೇಡ. ಸಲೈನಿಗಿಂತ ದುಬಾರಿಯಾದ ಸ್ಟಾರ್ಚ್ ದ್ರಾವಣ ಪಡೆದ ನಂಜಿನ ರೋಗಿಗಳಲ್ಲಿ 90 ದಿನದೊಳಗೆ ನೂರಕ್ಕೆ 51 ಮಂದಿ ತೀರಿಕೊಂಡರು. ರಿಂಗರ್ ಅಸಿಟೇಟ್ ಪಡೆದವರಲ್ಲಿ 43. ಇದು ಉತ್ತರ ಯುರೋಪಿನ 2012ರ ಲೆಕ್ಕ.

ಬಾಟ್ಲಿಯ ಹೆಸರು ಸರಿಯಿದ್ದರಷ್ಟೇ ಸಾಲದು, ಒಳಗಿನದೂ ಶುದ್ಧವಿರಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ ಹೊರರಾಜ್ಯದ ಕಂಪನಿಯೊಂದರ ಆರ್.ಎಲ್. ಮೇಲೆ ಶಂಕೆ ಎದ್ದು, ರಾಜ್ಯ ಸರ್ಕಾರ ಅದರ ಬಳಕೆ ನಿಲ್ಲಿಸಿದ್ದು ಮರೆಯುವಂಥದ್ದಲ್ಲ.

ಇನ್ನು ಅಳತೆ, ವೇಳೆ. 2021ರ ಅಂತರರಾಷ್ಟ್ರೀಯ ಸಲಹೆಯಂತೆ ರಕ್ತದ ಓಟ ಕುಸಿದವರಿಗೆ ಮೊದಲ 3 ಗಂಟೆಯಲ್ಲಿ ಕೆ.ಜಿ. ತೂಕಕ್ಕೆ 30 ಮಿ.ಲೀ. ಅಂದರೆ 60 ಕೆ.ಜಿ. ಆಳಿಗೆ 1,800 ಮಿ.ಲೀ., ಅರ್ಧ ಲೀಟರಿನ ಸುಮಾರು ನಾಲ್ಕು ಬಾಟ್ಲಿ. ಹೃದಯ, ಮೂತ್ರಪಿಂಡದ ಕಾಯಿಲೆಯವರಿಗೆ ಹೆಚ್ಚಾದರೆ ಶ್ವಾಸಕೋಶಕ್ಕೆ ನೀರು ತುಂಬುವ ಭಯವಿದೆ. ನೋಡಿ ನೋಡಿ ಹಾಕಬೇಕಾದ್ದು. ಜೊತೆಗೆ ಆ್ಯಂಟಿಬಯಾಟಿಕ್ ಬೇಗ ಬೀಳದಿದ್ದರೆ ಯಾವ ಬಾಟ್ಲಿಯೂ ನಂಜು ಇಳಿಸದು.

ಜ್ವರದ ಜೊತೆ ಏದುಸಿರು, ತಡಬಡ ಮಾತು, ತಣ್ಣಗಾದ ಕೈಕಾಲು, ನಿಂತುಹೋದ ಮೂತ್ರ ಕಂಡರೆ ಬಾಟ್ಲಿ ಹಾಕಿಸಿ ಮನೆಗೆ ಕರ್ಕೊಂಡು ಬರೋ ಯೋಚನೆ ಬಿಡಬೇಕು. 108ಕ್ಕೆ ಫೋನ್ ಮಾಡಿ, ರಾತ್ರಿಯಾದರೂ ಸರಿ, ದೊಡ್ಡಾಸ್ಪತ್ರೆ ಸೇರಿಸಬೇಕು.