ಹುಣಸೆ ಮರವೇ ಇವರ ಮುಡಿಪು!

ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಾ ನಿಂತವರಲ್ಲಿ ದೇವರ ಮಾತು ತೆಗೆದು ನೋಡಿ. 'ಸೇವೆ ಮಾಡೋಕೆ ಆಸೆ ಏನೋ ಇದೆ ಸ್ವಾಮಿ, ನಮ್ಮ ಹತ್ರ ಏನಿದೆ ಅಂತ ಮಾಡೋದು?' ಅನ್ನೋರೇ ಹೆಚ್ಚು. ಕಿರೀಟ ಮಾಡಿಸೋಕೆ ಚಿನ್ನ ಇಲ್ಲ, ಗೋಪುರ ಕಟ್ಟಿಸೋಕೆ ದುಡ್ಡಿಲ್ಲ, ಭಜನೆಗೆ ಕೂರೋಣ ಅಂದರೆ ಕಂಠ ಇಲ್ಲ. ಅಂಗಡಿ ಗಲ್ಲಾ ಮುಂದೆ ಕೂತವರದೂ ಇದೇ ರಾಗ.

ಇಂಥವರು ಒಂದು ಸಲ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬರಬೇಕು. ದೂರವೇನಲ್ಲ. ಬೆಂಗಳೂರು-ಮೈಸೂರು ಹಳೇ ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ತಿರುಗಿದರೆ ಸುಮಾರು 12 ಕಿಲೋಮೀಟರು. ನಮ್ಮದೇ ಮದ್ದೂರು ತಾಲ್ಲೂಕು. ಶಿಂಷಾ ಹೊಳೆ ಹತ್ತಿರದಲ್ಲೇ ಹರಿಯುತ್ತದೆ.

ಚಳಿಗಾಲ ಶುರುವಾಗುತ್ತಿದ್ದಂತೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಈ ಊರಿಗೆ ಬಂದಿಳಿಯುತ್ತವೆ. ಕಾಡಿಗಲ್ಲ, ಕೆರೆಯ ನಡುಗಡ್ಡೆಗಲ್ಲ, ಸೀದಾ ಊರೊಳಗೆ! ಮನೆ ಹಿತ್ತಲಿನ, ಬೀದಿ ಬದಿಯ ಹುಣಸೆ, ಅತ್ತಿ, ಅರಳಿ ಮರಗಳ ಮೇಲೆ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಹಾರುವ ಹಾಗೆ ಆದ ಮೇಲೆ, ಮುಂಗಾರಿನ ಹೊತ್ತಿಗೆ ಹೊರಡುತ್ತವೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅಂತಲೇ ಊರವರು ಇವುಗಳನ್ನು ಕರೆಯೋದು. ಹಕ್ಕಿ ಬಂದರೆ ಮಳೆ-ಬೆಳೆ ಚೆನ್ನಾಗಿ ಆಗುತ್ತೆ, ಬರದಿದ್ದರೆ ಊರಿಗೆ ಕೇಡು ಅನ್ನೋ ನಂಬಿಕೆ ತಲೆತಲಾಂತರದ್ದು. ಹಿಂದೆ ಊರು ಹೊಳೆ ದಂಡೆಯಲ್ಲಿತ್ತಂತೆ. ಪ್ಲೇಗ್ ಬಂದು ಜನ ಜಾಗ ಬಿಟ್ಟು ಈಗಿನ ಕಡೆಗೆ ಬಂದರೆ ಹಕ್ಕಿಗಳೂ ಹಿಂದೆಯೇ ಬಂದವು ಅಂತ ಹಿರಿಯರು ಹೇಳುತ್ತಾರೆ.

ಲೆಕ್ಕ ಹಾಕಿ ನೋಡಿ

ಈಗ ವ್ಯಾಪಾರಸ್ಥರಿಗೆ ಅರ್ಥವಾಗುವ ಮಾತಿಗೆ ಬರೋಣ. ಹುಣಸೆಹಣ್ಣು ಬಡಿಯುವ ಕಾಲ ಯಾವುದು? ಸಂಕ್ರಾಂತಿ ಕಳೆದ ಮೇಲೆ, ಯುಗಾದಿ ಆಸುಪಾಸು. ಗೂಡಿನಲ್ಲಿ ಮರಿ ಇರುವ ಕಾಲ ಯಾವುದು? ಅದೇ! ಮರ ಹತ್ತಿ ಕೊಂಬೆ ಅಲ್ಲಾಡಿಸಿದರೆ ಮರಿ ಕೆಳಗೆ ಬೀಳುತ್ತದೆ. ಹಾಗಾಗಿ ಮರದ ಯಜಮಾನ ಹಣ್ಣಿನ ಆಸೆ ಬಿಡಬೇಕು. ಬಸುರಿಗೆ ಹುಣಸೆಹಣ್ಣಿನ ಬಯಕೆ ಅಂತ ಕೇಳಿದ್ದೀವಿ, ಈ ಬಸುರಿಯರಿಗೆ ಇಡೀ ಮರವೇ ಬೇಕು! ಹುಣಸೆಹಣ್ಣಿನ ರೇಟು ಅಂಗಡಿಯವರಿಗೆ ನಾವು ಹೇಳಬೇಕಾಗಿಲ್ಲ. ಒಂದು ದೊಡ್ಡ ಮರದ ಫಸಲು ಬಿಡೋದು ಅಂದರೆ ಬಡ ರೈತನಿಗೆ ಹುಡುಗಾಟದ ಮಾತಲ್ಲ.

ಜೊತೆಗೆ ಹಿಕ್ಕೆ. ಅಂಗಳ, ಹೆಂಚು, ಒಗೆದು ಹಾಕಿದ ಬಟ್ಟೆ ಎಲ್ಲದರ ಮೇಲೂ ಬೀಳುತ್ತದೆ. ಮೀನಿನ ವಾಸನೆ ಬೇರೆ. ಮನೆಯ ಹೆಂಗಸರು ಗೊಣಗದೆ ಗುಡಿಸುತ್ತಾರೆ. ಮರದಡಿ ಬಿದ್ದಿದ್ದನ್ನು ಮಣ್ಣಿನ ಜೊತೆ ಕೂಡಿಹಾಕಿ ಹೊಲಕ್ಕೆ ಗೊಬ್ಬರ ಮಾಡುತ್ತಾರೆ. ಮಗಳು ತವರಿಗೆ ಬರಿಗೈಲಿ ಬಂದಿಲ್ಲ ನೋಡಿ!

1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರ ಕಣ್ಣಿಗೆ ಈ ಊರು ಬಿತ್ತು. ಹಕ್ಕಿಗಾಗಿ ಫಸಲು ಬಿಟ್ಟವರಿಗೆ ಸರ್ಕಾರದಿಂದ ಪರಿಹಾರ ಕೊಡುವ ಏರ್ಪಾಡು ಆದದ್ದು ಅವರಿಂದ. ಆದರೆ ಜನ ಮರ ಬಿಟ್ಟುಕೊಟ್ಟದ್ದು ಪರಿಹಾರ ಬರುವುದಕ್ಕೂ ಮೊದಲೇ ಅನ್ನೋದನ್ನು ಮರೆಯಬಾರದು.

1994ರಲ್ಲಿ ಮೈಸೂರಿನ ಪಕ್ಷಿಪ್ರಿಯರ ಜೊತೆ ಸೇರಿ ಊರಿನ ಯುವಕರು 'ಹೆಜ್ಜಾರ್ಲೆ ಬಳಗ' ಕಟ್ಟಿದರು. ಗೂಡಿನಿಂದ ಬಿದ್ದ ಮರಿಯನ್ನು ತಾಯಿ ಹಕ್ಕಿ ಮತ್ತೆ ಎತ್ತಿಕೊಳ್ಳುವುದಿಲ್ಲ. ನಾಯಿ ಪಾಲಾಗುತ್ತಿದ್ದ ಅಂಥ ಮರಿಗಳನ್ನು ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಟ್ಟರು. ಇದಕ್ಕೆ ಡಿಗ್ರಿ ಬೇಕಾಗಲಿಲ್ಲ. ಹಳ್ಳಿ ಹುಡುಗರಿಗೆ ಮರ ಹತ್ತೋದು, ಮೀನು ಹಿಡಿಯೋದು ಯಾರು ಹೇಳಿಕೊಡಬೇಕು? 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶ ಎಂದು ಘೋಷಣೆಯಾಯಿತು. ಕರ್ನಾಟಕದಲ್ಲಿ ಇಂಥದ್ದು ಇದೇ ಮೊದಲು.

ಕುರಿ ಮಾರಿ ಕಟ್ಟೆ

'ಅಲ್ಲ ಸ್ವಾಮಿ, ಹಕ್ಕಿಗೆ ಮರ ಬಿಟ್ಟರೆ ದೇವರ ಸೇವೆ ಹೇಗಾಯ್ತು?' ಅಂತ ಕೇಳುವವರೂ ಇದ್ದೀರಿ. ಕಾಯಕ, ದಾಸೋಹ ಅಂತ 12ನೇ ಶತಮಾನದಲ್ಲೇ ಬಸವಣ್ಣನವರು ಹೇಳಿದ ನಾಡು ಇದು. ಮಾಡುವ ಕೆಲಸ ಪೂಜೆ, ಇರುವುದರಲ್ಲಿ ಹಂಚಿದ್ದು ನೈವೇದ್ಯ.

ಪಕ್ಕದ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರನ್ನೇ ನೋಡಿ. ಕುರಿ ಕಾಯುವವರು. ಆಸ್ತಿ ಅಂದರೆ ಕುರಿ, ವಿದ್ಯೆ ಅಂದರೆ ಹಾರೆ-ಗುದ್ದಲಿ ಹಿಡಿಯೋದು. ಕುಂದಿನಿಬೆಟ್ಟದಲ್ಲಿ ಪ್ರಾಣಿ-ಪಕ್ಷಿಗಳಿಗೆ ಕುಡಿಯೋಕೆ ನೀರಿಲ್ಲ ಅಂತ ಕುರಿ ಮಾರಿ ಸಲಕರಣೆ ತಂದು, ವರ್ಷಗಟ್ಟಲೆ ಒಂದರ ಹಿಂದೆ ಒಂದು ಕಟ್ಟೆ ತೋಡಿದರು. ಪ್ರಶಸ್ತಿ ಬಂದಾಗ ಆ ದುಡ್ಡೂ ಕಟ್ಟೆಗೇ ಹೋಯಿತು. 2020ರ ಜೂನ್‌ನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಇವರ ಹೆಸರು ಹೇಳಿದರು. ಆಮೇಲೆ ಸಾರಿಗೆ ಸಂಸ್ಥೆ ಬಸ್ ಪಾಸು ಕೊಟ್ಟಿತು. 2022ರಲ್ಲಿ ಗೌಡರು ತೀರಿಕೊಂಡರು.

ಮುಂದೇನು?

ಎಲ್ಲ ಸುಖವಾಗಿದೆ ಅಂತ ಬರೆದರೆ ಸುಳ್ಳಾದೀತು. ಬೆಳ್ಳೂರಿನ ಮರಗಳಿಗೆ ವಯಸ್ಸಾಗುತ್ತಿದೆ. ಹೊಸ ಮನೆ ಕಟ್ಟುವವನಿಗೆ ಹಿತ್ತಲ ಮರ ಅಡ್ಡ ಕಾಣುತ್ತದೆ. ಪರಿಹಾರ ಸಾಲದು, ಹೊತ್ತಿಗೆ ಸರಿಯಾಗಿ ಬರೋಲ್ಲ ಅನ್ನೋ ದೂರು ಹಳೆಯದು. ಮೀನಿಗೆ ಹಕ್ಕಿಗಳು ಸುತ್ತಲ ಕೆರೆಗಳನ್ನೇ ನಂಬಿವೆ. ಕೆರೆ ಒಣಗಿದರೆ, ನೀರು ಕೆಟ್ಟರೆ ಬಾಣಂತಿಗೆ ಊಟವಿಲ್ಲ. 2017ರ ಕೊನೆಯಿಂದ 2018ರವರೆಗೆ ಹೊಟ್ಟೆ ಹುಳುವಿನ ಬಾಧೆಯಿಂದ ಹತ್ತಾರು ಹೆಜ್ಜಾರ್ಲೆಗಳು ಸತ್ತು ಬಿದ್ದಾಗ ಊರೇ ಕಂಗಾಲಾಗಿತ್ತು.

ಮರ ಬಿಟ್ಟವನು ತನ್ನ ಪಾಲಿನ ಮುಡಿಪು ಕಟ್ಟಿದ್ದಾನೆ. ಆ ಭಾರವನ್ನೆಲ್ಲ ಅವನೊಬ್ಬನ ತಲೆ ಮೇಲೆ ಹಾಕಿ, ಭಾನುವಾರ ಹೋಗಿ ಫೋಟೋ ತೆಗೆದುಕೊಂಡು ಬರೋದು ನ್ಯಾಯವಲ್ಲ. ಸರ್ಕಾರ ಪರಿಹಾರವನ್ನು ಹುಣಸೆಹಣ್ಣಿನ ಇವತ್ತಿನ ರೇಟಿಗೆ ತಕ್ಕಂತೆ, ಫಸಲಿನ ಕಾಲಕ್ಕೇ ಕೊಡಲಿ. ಕೆರೆ ಪಕ್ಕದ ಊರಿನವರು ಕಸ ತಂದು ಕೆರೆಗೆ ಸುರಿಯೋದು ನಿಲ್ಲಿಸಲಿ. ನೋಡಲು ಹೋದವರು ಗೂಡಿನ ಕೆಳಗೆ ಗಲಾಟೆ ಮಾಡದೆ, ಅಲ್ಲಿನ ಅಂಗಡಿಯಲ್ಲೇ ಒಂದು ಟೀ ಕುಡಿದು ಬರಲಿ.

'ನಮ್ಮ ಹತ್ರ ಏನಿದೆ?' ಅಂದವರಿಗೆ ಉತ್ತರ ಇಷ್ಟೇ. ಬೆಳ್ಳೂರಿನವನ ಹತ್ರ ಒಂದು ಹುಣಸೆ ಮರ ಇತ್ತು, ದಾಸನದೊಡ್ಡಿಯವರ ಹತ್ರ ಒಂದು ಹಾರೆ ಇತ್ತು. ಅಂಗಡಿಯವರ ಹತ್ರ ತಕ್ಕಡಿ ಇದೆ, ಸರಿಯಾಗಿ ತೂಗಬಹುದು. ಬಸ್ಸಿನಲ್ಲಿ ಓಡಾಡುವವರಿಗೆ ಸೀಟು ಸಿಗುತ್ತದೆ, ಕಂಕುಳಲ್ಲಿ ಮಗು ಎತ್ತಿಕೊಂಡು ನಿಂತ ತಾಯಿಗೆ ಎದ್ದು ಜಾಗ ಕೊಡಬಹುದು. ದೇವರು ಇಲ್ಲದ್ದನ್ನು ಯಾರ ಹತ್ತಿರವೂ ಕೇಳಿಲ್ಲ.