ಕಿವಿಗೆ ಸಿಕ್ಕ ಗುರಿ

ತಮ್ಮನಿಗೆ ಕಣ್ಣು ಕಾಣದಂತಾಗಿ 6 ವರ್ಷ. ದೀಪಾವಳಿಗೆ ಧಾರವಾಡದಿಂದ ಪುಣೆಯ ನನ್ನ ಮನೆಗೆ ಬಂದವನು ಕೇಳಿದ: ‘ಅಣ್ಣಾ, ಕಣ್ಣ ಕಾಣದವರೂ ಗುರಿ ಇಟ್ಟು ಗುಂಡು ಹೊಡೀತಾರಂತ, ಖರೇನ?’

ಖರೆ. ಅಂಧರ ಶೂಟಿಂಗ್‌ನಲ್ಲಿ 10 ಮೀಟರ್ ದೂರದ ಗುರಿಗೆ ಏರ್ ರೈಫಲ್ ಹಿಡಿಯುತ್ತಾರೆ. ರೈಫಲ್ ಮೇಲಿನ ಸಾಧನ ಗುರಿಯಿಂದ ಬರುವ ಬೆಳಕನ್ನು ಗ್ರಹಿಸಿ, ಹೆಡ್‌ಫೋನ್‌ಗೆ ಸದ್ದಾಗಿ ಕಳಿಸುತ್ತದೆ. ನಳಿಕೆ ನಡುಬಿಂದುವಿಗೆ ಹತ್ತಿರವಾದಷ್ಟೂ ಸ್ವರ ಏರುತ್ತದೆ. ಪಕ್ಕದಲ್ಲಿರುವ ಸಹಾಯಕರು ಗುಂಡು ತುಂಬಿಕೊಡಬಹುದು, ಬಂದೂಕನ್ನು ಗುರಿಯತ್ತ ತಿರುಗಿಸಿಕೊಡಬಹುದು. ಮುಂದಿನದೆಲ್ಲ ಆಟಗಾರರದೇ.

ಗಾಲಿಕುರ್ಚಿಯಲ್ಲಿ ಕುಳಿತು ಅವನಿ ಲೇಖರಾ 2021ರಲ್ಲಿ ಟೋಕಿಯೊದಲ್ಲಿ, 2024ರಲ್ಲಿ ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದದ್ದನ್ನು ಎಲ್ಲರೂ ನೋಡಿದೆವು. ಆ ಎರಡೂ ಪ್ಯಾರಾಲಿಂಪಿಕ್ಸ್‌ಗಳಲ್ಲಿ ಅಂಧರ ಶೂಟಿಂಗ್‌ಗೆ ಜಾಗವೇ ಇರಲಿಲ್ಲ. ಇಂಥದ್ದೊಂದು ಆಟವಿದೆ ಎಂದು ನಮಗೆ ಗೊತ್ತಾಗದೇ ಉಳಿದದ್ದಕ್ಕೆ ಅದೂ ಒಂದು ಕಾರಣವಿರಬೇಕು.

ಎಂಜಿನಿಯರ್ ತಾನೇ! ಮರುದಿನ ಪಿವಿಸಿ ಪೈಪಿನ ತುದಿಗೆ ಬೆಳಕಿನ ಸೆನ್ಸರ್ ಕಟ್ಟಿ, ನಾಲ್ಕು ಸಾಲು ಕೋಡ್ ಬರೆದು, ಇಯರ್‌ಫೋನ್ ಜೋಡಿಸಿದೆ. ಕತ್ತಲು ಕೋಣೆಯ ಗೋಡೆಯ ಮೇಲೆ ಒಂದು ಪುಟ್ಟ ಬಲ್ಬ್. ಗುಂಡಿಲ್ಲ, ಸದ್ದು ಮಾತ್ರ.

ತಮ್ಮ ಪೈಪನ್ನು ಭುಜಕ್ಕೊತ್ತಿ ಅತ್ತಿತ್ತ ಆಡಿಸಿದ. ಬಲ್ಬ್ ತಪ್ಪಿಹೋಗುತ್ತಿತ್ತು. ತಡೆಯಲಾರದೆ ಅವನ ಮೊಣಕೈ ಹಿಡಿದು ಸರಿಸಿದೆ.

‘ಕೈ ಬಿಡೋ ಅಣ್ಣಾ, ನನಗ ಕೇಳಸ್ತದ.’

ರಸ್ತೆ ದಾಟಿಸಲು, ಮೆಟ್ಟಿಲು ಇಳಿಸಲು, ಅವನು ಕೇಳದಿದ್ದರೂ ಹಿಡಿದು ರೂಢಿಯಾದ ಕೈ ಅದು. ಬಿಟ್ಟೆ. ಪೈಪ್ ನಿಧಾನಕ್ಕೆ ಎಡಕ್ಕೆ ಸರಿಯಿತು, ನಿಂತಿತು. ಇಯರ್‌ಫೋನಿನ ಸಂದಿಯಿಂದ ಸಣ್ಣ ಕೀರಲು ಸ್ವರ ನನಗೂ ಕೇಳಿಸಿತು.